"ಇನ್ಹೇಲರ್ ಬರುತ್ತಾ?" ಅಂತ ಕೇಳಬೇಡಿ, "ತೋರಿಸಿ" ಅನ್ನಿ

ನಾನು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಅಸ್ತಮಾ, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇರುವವರಿಗೆ ಇನ್ಹೇಲರ್ ಬಳಸೋದು ಹೇಗೆ ಅಂತ ಹೇಳಿಕೊಡೋದು ನನ್ನ ಕೆಲಸದ ದೊಡ್ಡ ಭಾಗ. ಬರುವವರಲ್ಲಿ ತುಂಬಾ ಜನರದ್ದು ಒಂದೇ ದೂರು: "ಔಷಧ ತಗೋತಾನೇ ಇದ್ದೀನಿ ಮೇಡಂ, ಉಬ್ಬಸ ಮಾತ್ರ ಕಮ್ಮಿ ಆಗ್ತಿಲ್ಲ." ಚೀಟಿ ನೋಡಿದರೆ ಡೋಸ್ ಏರಿರುತ್ತದೆ, ಹೊಸ ಮಾತ್ರೆ ಸೇರಿರುತ್ತದೆ. ಆ ಔಷಧ ಶ್ವಾಸಕೋಶದೊಳಗೆ ಹೋಗುತ್ತಿದೆಯಾ ಅಂತ ಮಾತ್ರ ಯಾರೂ ನೋಡಿರುವುದಿಲ್ಲ.

"ಇನ್ಹೇಲರ್ ತಗೊಳ್ಳೋಕೆ ಬರುತ್ತಾ?" ಅಂದರೆ ಎಲ್ಲರೂ "ಬರುತ್ತೆ" ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ, ವರ್ಷಗಟ್ಟಲೆ ಹಾಗೇ ಮಾಡಿಕೊಂಡು ಬಂದಿದ್ದಾರಲ್ಲ. ಅದಕ್ಕೇ ನಾನು ಆ ಪ್ರಶ್ನೆ ಕೇಳೋದಿಲ್ಲ. "ನಿಮ್ಮ ಇನ್ಹೇಲರ್ ತೆಗೀರಿ, ಮನೇಲಿ ಹೇಗೆ ತಗೋತೀರೋ ಹಾಗೇ ಒಂದ್ಸಲ ತೋರಿಸಿ" ಅಂತೀನಿ.

ಒಬ್ಬ ಅಜ್ಜಿ ಬಂದಿದ್ದರು. ಬೀಡಿ ಸಿಗರೇಟು ಮುಟ್ಟಿದವರಲ್ಲ, ಸೌದೆ ಒಲೆಯ ಮುಂದೆ ಕೂತು ಕೂತು ಸಿಒಪಿಡಿ ಬಂದಿತ್ತು. ಸೆರಗಿನ ಗಂಟಿನಿಂದ ಪಂಪ್ ತೆಗೆದರು, ಅಲ್ಲಾಡಿಸಲಿಲ್ಲ, ಬಾಯಿ ಅಗಲಿಸಿ ಪುಸ್ ಅಂತ ಒತ್ತಿದರು. ಉಸಿರು ಎಳೆದದ್ದು ಆಮೇಲೆ. ಅಷ್ಟರಲ್ಲಿ ತುಟಿ ಸಂದಿಯಿಂದ ಬಿಳಿ ಹೊಗೆ ಹೊರಗೆ ಬಂದಾಗಿತ್ತು. ಅದನ್ನೇ ತೋರಿಸಿ, "ನೋಡವ್ವಾ, ಔಷಧ ಚೆನ್ನಾಗಿ ಬರ್ತಾ ಐತೆ" ಅಂದರು. ಹಾಗೆ ಹೊರಗೆ ಬಂದದ್ದೇ ಅವರ ಔಷಧ, ಅದು ಒಳಗೆ ಇರಬೇಕಿತ್ತು.

ಪಂಪಿನಿಂದ ಔಷಧ ತುಂಬಾ ವೇಗವಾಗಿ ಚಿಮ್ಮುತ್ತದೆ. ಎಲ್ಲಾ ಸರಿಯಾಗಿ ಮಾಡಿದರೂ ಮಾಮೂಲಿ ಪಂಪಿನಲ್ಲಿ ಸುಮಾರು 10ರಿಂದ 20 ಶೇಕಡಾ ಮಾತ್ರ ಶ್ವಾಸಕೋಶ ಮುಟ್ಟುತ್ತದೆ, ಉಳಿದದ್ದೆಲ್ಲ ಬಾಯಿ, ಗಂಟಲಲ್ಲೇ ಕೂರುತ್ತದೆ. ಒತ್ತೋದು ಒಂಚೂರು ಮುಂಚೆ ಆದರೆ ಆ ಸ್ವಲ್ಪವೂ ಹೋಗಲ್ಲ. ಗಂಟಲಲ್ಲಿ ನಿಂತದ್ದು ಸ್ಟಿರಾಯ್ಡ್ (ಶ್ವಾಸನಾಳದ ಊತ ಇಳಿಸುವ ಔಷಧ) ಆಗಿದ್ದರೆ ದನಿ ಒಡೆಯುತ್ತದೆ, ಬಾಯಲ್ಲಿ ಬಿಳಿ ಪದರ ಕಟ್ಟುತ್ತದೆ. (ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ ಅನ್ನೋದು ಇದಕ್ಕೇ.) ಆಗ ರೋಗಿ "ಇದು ಉಷ್ಣ, ನಂಗೆ ಆಗಿ ಬರಲ್ಲ" ಅಂತ ನಿಲ್ಲಿಸಿಬಿಡುತ್ತಾರೆ. ತಕ್ಷಣ ಆರಾಮ ಕೊಡುವ ನೀಲಿ ಪಂಪ್ ಒಂದನ್ನೇ ಇಟ್ಟುಕೊಂಡು ಪದೇ ಪದೇ ಒತ್ತುತ್ತಾ ಇರುತ್ತಾರೆ, ಒಳಗಿನ ಊತ ಹಾಗೇ ಬೆಳೆಯುತ್ತದೆ. ಒಂದು ರಾತ್ರಿ ಎಮರ್ಜೆನ್ಸಿಗೆ ಬರೋದು ಇಂಥವರೇ.

ಅಜ್ಜಿಯ ಪಂಪಿಗೆ ಸ್ಪೇಸರ್ ಅನ್ನೋ ಕೊಳವೆ ಜೋಡಿಸಿ ಕೊಟ್ಟೆವು. ಒತ್ತಿದ ಔಷಧ ಆ ಕೊಳವೆಯಲ್ಲಿ ಸ್ವಲ್ಪ ಹೊತ್ತು ನಿಲ್ಲೋದರಿಂದ ಕೈಗೂ ಉಸಿರಿಗೂ ತಾಳ ಕೂಡಿಸುವ ಕಷ್ಟ ಇಲ್ಲ. ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಡಿ, ತುಟಿ ಬಿಗಿಯಾಗಿ ಮುಚ್ಚಿ, ಒಂದೇ ಸಲ ಒತ್ತಿ, ನಿಧಾನಕ್ಕೆ ಆಳವಾಗಿ ಎಳೆದು, ಹತ್ತು ಎಣಿಸುವ ತನಕ ಹಿಡಿದುಕೊಳ್ಳಿ. ಎರಡು ಪಫ್ ಬರೆದಿದ್ದರೆ ಎರಡನ್ನೂ ಒಟ್ಟಿಗೆ ಒತ್ತಬೇಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಮೊದಲಿಂದ ಮಾಡಿ. ಅಜ್ಜಿ ಮಾಡುತ್ತಿದ್ದಾಗ ಮೊಮ್ಮಗಳು ಮೊಬೈಲಲ್ಲಿ ವಿಡಿಯೋ ಮಾಡಿಕೊಂಡಳು. ನಂಗೆ ತುಂಬಾ ಖುಷಿಯಾಯ್ತು, ಯಾಕಂದ್ರೆ ನಾನು ಹೇಳಿದ್ದರಲ್ಲಿ ಅರ್ಧ ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಮರೆತು ಹೋಗುತ್ತದೆ.

ಪುಡಿ ಎಳೆಯುವ ಸಾಧನದ್ದು ಪೂರ್ತಿ ಉಲ್ಟಾ. ಅದರಲ್ಲಿ ಗಾಳಿ ಚಿಮ್ಮಿಸುವ ವ್ಯವಸ್ಥೆ ಇಲ್ಲ, ಪುಡಿಯನ್ನು ಒಡೆದು ಒಳಗೆ ಒಯ್ಯಬೇಕಾದ್ದು ನಮ್ಮ ಉಸಿರೇ, ಹಾಗಾಗಿ ಮೊದಲಿಂದಲೇ ಜೋರಾಗಿ ಎಳೆಯಬೇಕು. ಪಂಪ್ ಅಭ್ಯಾಸ ಇದ್ದವರಿಗೆ ಏನೂ ಹೇಳದೆ ರೋಟಾಹೇಲರ್ (ಪುಡಿ ತುಂಬಿದ ಕ್ಯಾಪ್ಸೂಲ್ ಹಾಕಿ ಎಳೆಯುವ ಸಾಧನ) ಕೊಟ್ಟರೆ ಮೆಲ್ಲಗೆ ಎಳೆಯುತ್ತಾರೆ, ಪುಡಿ ಅಲ್ಲೇ ಉಳಿಯುತ್ತದೆ. ಇನ್ನು ಕೆಲವರು ಉಸಿರನ್ನು ಅದರೊಳಗೇ ಊದಿಬಿಡುತ್ತಾರೆ, ಬಾಯಿಯ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಒಬ್ಬ ತಾತ ಆ ಕ್ಯಾಪ್ಸೂಲನ್ನು ದಿನಾ ಊಟ ಆದಮೇಲೆ ನೀರಲ್ಲಿ ನುಂಗುತ್ತಿದ್ದರು. ಅವರದ್ದೇನು ತಪ್ಪು? ನೋಡೋಕೆ ಮಾತ್ರೆ ಥರಾನೇ ಇದೆ, ಅಂಗಡಿಯಲ್ಲಿ "ಬೆಳಗ್ಗೆ ಒಂದು, ರಾತ್ರಿ ಒಂದು" ಅಂತ ಹೇಳಿ ಕಳಿಸಿದ್ದಾರೆ.

ಇದು ಬರೀ ನಮ್ಮೂರಿನ ಕಥೆಯೂ ಅಲ್ಲ. 1975ರಿಂದ 2014ರವರೆಗೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವಿಮರ್ಶೆಯೊಂದು 2016ರಲ್ಲಿ ಬಂತು. 54,000ಕ್ಕೂ ಜಾಸ್ತಿ ಜನರಲ್ಲಿ ಸರಿಯಾಗಿ ಬಳಸುತ್ತಿದ್ದವರು 31 ಶೇಕಡಾ ಮಾತ್ರ, ನಲವತ್ತು ವರ್ಷದಲ್ಲಿ ಸುಧಾರಣೆಯೂ ಇಲ್ಲ. ಓದಿದವರು, ಇಂಗ್ಲಿಷ್ ಬರುವವರು ಕೂಡ ನನ್ನೆದುರು ಇದೇ ತಪ್ಪು ಮಾಡುತ್ತಾರೆ. ಪೆಟ್ಟಿಗೆಯೊಳಗಿನ ಚೀಟಿ ಕೊಟ್ಟು ಕೈತೊಳೆದುಕೊಂಡರೆ ಆಗಲ್ಲ, ಎದುರಿಗೆ ಕೂರಿಸಿಕೊಂಡು ನಾವು ಮಾಡಿ ತೋರಿಸಬೇಕು, ಅವರಿಂದ ಮಾಡಿಸಬೇಕು, ತಪ್ಪಿದ ಕಡೆ ತಿದ್ದಿ ಮತ್ತೆ ಮಾಡಿಸಬೇಕು. ಕೆಲವೇ ನಿಮಿಷದ ಕೆಲಸ. ಡೋಸ್ ಏರಿಸುವ ಮುಂಚೆ ಇದಕ್ಕೆ ಪುರುಸೊತ್ತು ಇಲ್ಲ ಅನ್ನೋದನ್ನ ನಾನು ಒಪ್ಪೋದಿಲ್ಲ.

ಒಂದು ಸಲ ಕಲಿಸಿದರೆ ಮುಗಿಯಲ್ಲ, ನಾಲ್ಕಾರು ವಾರದಲ್ಲಿ ಹಳೇ ಅಭ್ಯಾಸ ವಾಪಸ್ ಬಂದಿರುತ್ತದೆ. ಅದಕ್ಕೆ ಮುಂದಿನ ಸಲ ಬರುವಾಗ ಬರೀ ಚೀಟಿ ತರಬೇಡಿ, ಇನ್ಹೇಲರ್, ಸ್ಪೇಸರ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ ಅಂತೀನಿ. ನಿಮ್ಮ ಮನೆಯಲ್ಲೂ ಯಾರಾದರೂ ಇನ್ಹೇಲರ್ ತಗೋತಿದ್ದರೆ ಹಾಗೇ ಮಾಡಿ. ಡಾಕ್ಟರ್ ಕೇಳದಿದ್ದರೂ ಪರವಾಗಿಲ್ಲ, "ನಾನು ತಗೊಳ್ಳೋದು ಸರಿ ಇದೆಯಾ ಸ್ವಲ್ಪ ನೋಡಿ" ಅಂತ ನೀವೇ ಕೇಳಿ.