ಉದ್ಯಮಬಾಗದಿಂದ ಮುಧೋಳಕ್ಕೆ, ಕುಂದಾ ಡಬ್ಬಿಯ ಜೊತೆ

ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಬೇಕಿತ್ತು. ಬೆಳಗಾವಿ ಬಸ್ ನಿಲ್ದಾಣದಲ್ಲಿ ಮುಧೋಳ ಬಸ್ಸಿಗೆ ಕಾದಿದ್ದ ಜನರನ್ನು ನೋಡಿಯೇ ನನ್ನ ಧೈರ್ಯ ಹೋಯಿತು. ಆಗ ನೆನಪಾದವರು ಕಾಕಾ. ಸ್ವಂತ ಕಾಕಾ ಅಲ್ಲ, ನಮ್ಮ ಓಣಿಯವರು. ಇಪ್ಪತ್ತು ವರ್ಷದಿಂದ ಟ್ರೇಲರ್ ಲಾರಿ ಓಡಿಸುತ್ತಾರೆ. ಫೋನ್ ಹಚ್ಚಿದೆ.

"ಉದ್ಯಮಬಾಗದಾಗ ಲೋಡ್ ಆಗಾಕತ್ತೈತಿ. ಮುಧೋಳ ಕಡೆ ಸಕ್ಕರಿ ಫ್ಯಾಕ್ಟರಿಗೆ ಹೊಂಟೇನಿ. ಬರ್ತಿದ್ರ ಲಗೂನ ಬಾ."

ಹೋಗುವಾಗ ಒಂದು ಕಿಲೋ ಕುಂದಾ ಕಟ್ಟಿಸಿಕೊಂಡೆ. ಬೆಳಗಾವಿಯಿಂದ ಬರಿಗೈಯಲ್ಲಿ ಹೋದರೆ ಅವ್ವ ಬಾಗಿಲಲ್ಲೇ ತಡೆದು ಕೇಳುತ್ತಾಳೆ.

ಉದ್ಯಮಬಾಗದ ಗಾಳಿಗೆ ಒಂದು ವಾಸನೆ ಇದೆ. ಫೌಂಡ್ರಿಯ ಸುಟ್ಟ ಮರಳು, ಲೇತ್ ಮಷೀನಿನ ಎಣ್ಣೆ, ಅದರ ಜೊತೆ ರಸ್ತೆ ಬದಿಯ ಚಹಾ. ಕಾಕಾನ ಗಾಡಿ ಒಂದು ಗೇಟಿನ ಮುಂದೆ ನಿಂತಿತ್ತು. ನಲವತ್ತು ಅಡಿ ಟ್ರೇಲರ್, ಮೇಲೆ ಶೆಡ್ಡಿಗೆ ಬೇಕಾದ ಕಬ್ಬಿಣದ ತೊಲೆಗಳು. ಕಾಕಾ ಸುತ್ತ ಒಂದು ರೌಂಡ್ ಹಾಕಿ ಬಂದು ಗೊಣಗಿದರು: "ಕ್ರೇನಿನವ ಎಲ್ಲಾ ಹಿಂದಕ್ಕ ಒಗೆದಾನ. ಈಗ ಹೇಳಿದ್ರ ಮತ್ತ ಎರಡು ತಾಸು."

ಹಾಗೇ ಹೊರಟೆವು. ಕುಂದಾ ಡಬ್ಬಿಯನ್ನು ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ತಪ್ಪು ಮಾಡಿದೆ ಅಂತ ಮೊದಲ ಸಿಗ್ನಲ್‌ನಲ್ಲೇ ಗೊತ್ತಾಯಿತು. ಕಾಕಾ ಬ್ರೇಕ್ ಒತ್ತಿದರು. ಗಾಡಿ ನಿಂತಿತು ಅನ್ನುವಷ್ಟರಲ್ಲಿ ಹಿಂದಿನಿಂದ ಠಕ್ ಅಂತ ಒಂದು ಗುದ್ದು. ಡಬ್ಬಿ ಗಾಜಿನವರೆಗೆ ಜಾರಿತು. ಹಸಿರು ದೀಪ ಬಂತು. ಎಕ್ಸಲೇಟರ್ ಒತ್ತಿದ ಕೂಡಲೇ ಮತ್ತೊಂದು ಠಕ್. ಡಬ್ಬಿ ನನ್ನ ಮಡಿಲಿಗೆ ಬಂತು.

"ರಸ್ತಾ ಕೆಟ್ಟೈತಿ ಅಲ್ವಾ?" ಎಂದೆ, ಮರ್ಯಾದೆಗೆ.

"ರಸ್ತಾಕ್ಕ ಯಾಕ ಬೈತಿ? ಇದು ಜೋಡಣಿ ಒಳಗಿನ ಆಟ."

ಸಾಂಬ್ರಾ ವಿಮಾನ ನಿಲ್ದಾಣ ದಾಟಿ ನೇಸರಗಿ ದಾರಿ ಹಿಡಿಯುವವರೆಗೂ ಅವರು ಆ ಜೋಡಣೆಯ ಕಥೆ ಹೇಳಿದರು. ಇಂಥ ಲಾರಿಯಲ್ಲಿ ಎಂಜಿನ್ ಇರುವ ಮುಂದಿನ ಗಾಡಿ ಬೇರೆ, ಟ್ರೇಲರ್ ಬೇರೆ. ಮುಂದಿನ ಗಾಡಿಯ ಬೆನ್ನ ಮೇಲೆ ಕುದುರೆ ಲಾಳದ ಆಕಾರದ ದಪ್ಪ ಕಬ್ಬಿಣದ ತಟ್ಟೆ ಇರುತ್ತದೆ. ಅದೇ ಫಿಫ್ತ್ ವೀಲ್. ಹೆಸರು ಕುದುರೆ ಗಾಡಿ ಕಾಲದ್ದು. ಆಗ ಮುಂದಿನ ಅಚ್ಚು ತಿರುಗಲೆಂದು ಅದರ ಮೇಲೆ ಒಂದು ಬಳೆಯನ್ನು ಮಲಗಿಸಿ ಇಡುತ್ತಿದ್ದರು. ನಾಲ್ಕು ಗಾಲಿ ನೆಲದ ಮೇಲೆ, ಐದನೆಯದು ಅಡ್ಡಲಾಗಿ ಮಲಗಿರುವುದು. ಟ್ರೇಲರಿನ ಹೊಟ್ಟೆಯಿಂದ ಕೆಳಗಿಳಿದ ಕಿಂಗ್ ಪಿನ್ ಈಗಿನ ತಟ್ಟೆಯ ಸೀಳಿನಲ್ಲಿ ಕೂರುತ್ತದೆ, ಒಳಗಿನ ದವಡೆ ಅದನ್ನು ಕಚ್ಚಿ ಹಿಡಿಯುತ್ತದೆ. ನೂರು ಕಿಲೋಮೀಟರ್ ದಾಟಿದ ದಾರಿ, ಅಷ್ಟೊಂದು ಕಬ್ಬಿಣ, ಎಲ್ಲವನ್ನೂ ಜಗ್ಗುವುದು ಎರಡು ಇಂಚು ದಪ್ಪದ ಆ ಒಂದು ಗೂಟ!

1914ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರ ಫೋರ್ಡ್ ಕಾರಿನ ಹಿಂದೆ ದೋಣಿ ಎಳೆಯಲು ಇಂಥ ಟ್ರೇಲರ್ ಮಾಡಿಕೊಟ್ಟ ಎಂದು ಎಲ್ಲೋ ಓದಿದ್ದೆ. ಹೇಳಿದೆ. ಕಾಕಾ ತಲೆ ಆಡಿಸಿದರು. "ಕಮ್ಮಾರನ ಆಗಿರಬೇಕು ಬಿಡು. ಕುರ್ಚಿ ಮ್ಯಾಲ ಕುಂತವಂಗ ಇದು ಹೊಳಿಯೂದಿಲ್ಲ."

ಯರಗಟ್ಟಿಗೆ ಇನ್ನೂ ದೂರ ಇತ್ತು. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು. ಜೋರಾಗಿ ಹಾಡು. ಓವರ್‌ಟೇಕ್ ಮಾಡಲು ದಾರಿ ಇಲ್ಲ. ಅದರ ಹಿಂದೆಯೇ ಹೋಗುವಾಗ ಕಾಕಾ ಎರಡು ಟ್ರೇಲರ್ ನಡುವಿನ ಕೊಂಡಿ ತೋರಿಸಿದರು. ತೂತು ದೊಡ್ಡದು, ಪಿನ್ ಸಣ್ಣದು. ಟ್ರ್ಯಾಕ್ಟರ್ ನಿಧಾನ ಮಾಡಿದಾಗ ಹಿಂದಿನದು ಮುಂದಕ್ಕೆ ನುಗ್ಗಿ ಖಣ್ ಅನ್ನುತ್ತಿತ್ತು. ಜಗ್ಗಿದಾಗ ಮತ್ತೆ ಖಣ್. ಕಬ್ಬಿನ ಜಲ್ಲೆಗಳು ತಲೆ ಅಲ್ಲಾಡಿಸುತ್ತಿದ್ದವು. ನಮ್ಮದೂ ಅದೇ ರೋಗ, ಕಣ್ಣಿಗೆ ಕಾಣದ ಜಾಗದಲ್ಲಿ.

ಯರಗಟ್ಟಿಯಲ್ಲಿ ಮಿರ್ಚಿ, ಚಹಾ ಆಯಿತು. ಅಲ್ಲೇ ರಸ್ತೆ ಬದಿಯಲ್ಲಿ ಕಾಕಾಗೆ ಪರಿಚಯದ ಒಬ್ಬ ಮೇಸ್ತ್ರಿ. ಕತ್ತಲಾಗಲು ಇನ್ನೂ ಹೊತ್ತಿತ್ತು. "ಒಮ್ಮೆ ನೋಡಿಬಿಡು ಮಾರಾಯಾ, ಸೊಂಟ ಹೋತು," ಎಂದರು ಕಾಕಾ.

ಮೇಸ್ತ್ರಿ ಪರೀಕ್ಷೆ ಮಾಡಿದ ರೀತಿ ನನಗೆ ಬಹಳ ಹಿಡಿಸಿತು. ಮೊದಲು ಟ್ರೇಲರಿನ ಟೈರುಗಳಿಗೆ ಕಲ್ಲು ಇಟ್ಟರು. ಕಾಕಾ ಟ್ರೇಲರಿನ ಬ್ರೇಕ್ ಮಾತ್ರ ಹಿಡಿದು, ಮುಂದಿನ ಗಾಡಿಯನ್ನು ಮೆಲ್ಲಗೆ ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ನೂಕಿದರು. ಮೇಸ್ತ್ರಿ ಪಕ್ಕದಲ್ಲಿ ದೂರ ಕುಕ್ಕರಗಾಲಲ್ಲಿ ಕೂತು ಬ್ಯಾಟರಿ ಬಿಟ್ಟು ನೋಡಿದ. ಗಾಡಿ ಅಲ್ಲಾಡುವಾಗ ಒಳಗೆ ಕೈ ಹಾಕಲೇ ಇಲ್ಲ. ನಾನೂ ಬಗ್ಗಿ ನೋಡಿದೆ. ಟ್ರೇಲರ್ ನಿಂತೇ ಇತ್ತು, ತಟ್ಟೆ ಮಾತ್ರ ಹಿಂದೆ ಮುಂದೆ ಸರಿಯಿತು. ಉಗುರಿನ ದಪ್ಪದಷ್ಟು ಸರಿದಿರಬಹುದು. ಅಷ್ಟೇ! ಇಷ್ಟಕ್ಕೆ ಕುಂದಾ ಡಬ್ಬಿ ಹಾರಿತ್ತೇ?

"ಸಣ್ಣದು ಅನಬ್ಯಾಡ್ರಿ. ಹಿಂದಿನ ಭಾರ ಎಷ್ಟೈತಿ ನೋಡ್ರಿ. ಅಷ್ಟು ಭಾರ ಅಷ್ಟು ಜಾಗಾ ಓಡಿ ಬಂದು ಬಡಿತೈತಿ," ಎಂದ ಮೇಸ್ತ್ರಿ.

ದವಡೆ ಸವೆದಾಗ ಬಿಗಿ ಮಾಡಲು ತಟ್ಟೆಯ ಬದಿಯಲ್ಲೇ ಒಂದು ಬೋಲ್ಟ್ ಇದೆ. ಅದರ ಲಾಕ್ ನಟ್ ಸಡಿಲಿಸಿ ಸ್ವಲ್ಪ ತಿರುಗಿಸಿದ. ಜಾಸ್ತಿ ಬಿಗಿ ಮಾಡಿದರೆ ಟ್ರೇಲರ್ ಬಿಚ್ಚುವಾಗ ದವಡೆ ಬಾಯಿ ಬಿಡುವುದಿಲ್ಲವಂತೆ. ಪಿನ್ನೇ ಸವೆದಿದ್ದರೆ ಈ ಬೋಲ್ಟಿನಿಂದ ಏನೂ ಆಗುವುದಿಲ್ಲ. ಹೊಸ ಪಿನ್ 50.8 ಮಿಲಿಮೀಟರ್ ಇರುತ್ತದೆ. 49ಕ್ಕೆ ಬಂದರೆ ಬದಲಿಸಲೇಬೇಕು. ಕಾಕಾನ ಪಿನ್ ಹೋದ ವರ್ಷದ್ದು, ಹಾಗಾಗಿ ಬಚಾವ್.

ಆಮೇಲೆ ಟ್ರೇಲರ್ ಕೆಳಗೆ ತೆವಳಿದ. ಹಿಂದಿನ ಬ್ರೇಕ್‌ಗಳು ಸಡಿಲಾಗಿದ್ದವು. ಗಾಳಿ ಬ್ರೇಕಿನಲ್ಲಿ ಗಾಳಿ ಹಿಂದಿನ ಅಚ್ಚಿಗೆ ತಲುಪಲು ಒಂದು ಗಳಿಗೆ ತಡವಾಗುತ್ತದೆ. ಅದರ ಮೇಲೆ ಬ್ರೇಕೂ ಸಡಿಲಿದ್ದರೆ ಮುಂದಿನ ಗಾಡಿ ಮೊದಲು ನಿಲ್ಲುತ್ತದೆ, ಟ್ರೇಲರ್ ಬಂದು ಬೆನ್ನಿಗೆ ಗುದ್ದುತ್ತದೆ. ಆ ಸಿಗ್ನಲ್ಲಿನ ಗುದ್ದಿನಲ್ಲಿ ಇದರ ಪಾಲೂ ಇತ್ತು. ಆರೂ ಗಾಲಿಯ ಬ್ರೇಕ್ ಸೆಟ್ಟಿಂಗ್ ಮಾಡಿದ. ಪಾಟಾದ, ಅಂದರೆ ಅಚ್ಚಿನ ಪಟ್ಟಿ ಸ್ಪ್ರಿಂಗಿನ, ಬುಷ್ ಒಂದು ಸವೆದಿದೆ, ಅಚ್ಚೇ ಸ್ವಲ್ಪ ಹಿಂದೆ ಮುಂದೆ ಆಡುತ್ತದೆ, ಮುಂದಿನ ವಾರ ಬಾ ಎಂದ. ಕಾಕಾ ಹೂಂ ಅಂದರು. ಆ ಹೂಂ ನನಗೆ ಗೊತ್ತು. ನಮ್ಮಪ್ಪ ಹಲ್ಲಿನ ಡಾಕ್ಟರಿಗೆ ಹೇಳುವ ಹೂಂ ಅದು.

ಮತ್ತೆ ಹೊರಟೆವು. ವ್ಯತ್ಯಾಸ ಇತ್ತು. ಠಕ್ ಹೋಗಿ ಮೆತ್ತಗಿನ ಧಪ್ ಆಗಿತ್ತು. ಪೂರ್ತಿ ಹೋಗಿರಲಿಲ್ಲ.

"ಭಾರ ಹಿಂದೈತಲ್ಲ," ಎಂದರು ಕಾಕಾ. "ಚಕ್ಕಡಿ ಹೂಡಿ ಗೊತ್ತೈತಿಲ್ಲ ನಿನಗ? ಹಿಂದ ಭಾರ ಆದ್ರ ನೊಗ ಮ್ಯಾಲ ಏಳತೈತಿ. ಎತ್ತಿನ ಹೆಗಲಿಗೆ ಭಾರ ಕೂಡಂಗಿಲ್ಲ, ಕುಣಿತೈತಿ. ಇದೂ ಹಂಗ."

ಟೆಕ್ಸಾಸ್‌ನಲ್ಲಿರುವ ನನ್ನ ತಮ್ಮನ ಮಾತು ನೆನಪಾಯಿತು. ಅಲ್ಲಿ ರಜೆಯಲ್ಲಿ ಪಿಕಪ್ ಗಾಡಿಯ ಬೆನ್ನಿಗೆ ಇದೇ ಫಿಫ್ತ್ ವೀಲ್ ಹಾಕಿ, ಮಂಚ, ಒಲೆ ಎಲ್ಲ ಇರುವ ಮನೆಯನ್ನೇ ಜಗ್ಗಿಕೊಂಡು ತಿರುಗುತ್ತಾರೆ. ಅವರಿಗೂ ಇದೇ ಗುದ್ದಿನ ಗೋಳು. ಅದಕ್ಕೆ ಅವರು ಚಕಿಂಗ್ ಅನ್ನುತ್ತಾರೆ. ಟ್ರೇಲರ್ ತೂಕದ ಶೇಕಡಾ 15ರಿಂದ 25ರಷ್ಟು ಪಿನ್ ಮೇಲೆ ಕೂರಬೇಕು ಎಂಬ ಲೆಕ್ಕ ಇಟ್ಟುಕೊಳ್ಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಟ್ರೇಲರಿನಲ್ಲಿ ಪಿನ್ ಕೂರಿಸಿದ ಪೆಟ್ಟಿಗೆಗೆ ರಬ್ಬರ್ ಅಥವಾ ಗಾಳಿ ಚೀಲ ಹಾಕಿಸುತ್ತಾರೆ. ಕಾಕಾಗೆ ಗಾಳಿ ಚೀಲದ ಮೇಲೆ ಆಸಕ್ತಿ ಬರಲಿಲ್ಲ. "ಮನಿ ಜಗ್ಗಿಕೊಂಡು ತಿರಗತಾರ? ಬಾಡಿಗಿ ಯಾರು ಕೊಡ್ತಾರ ಅದಕ್ಕ?"

ಲೋಕಾಪುರದವರೆಗೆ ನಾನು ಅವರ ಕಾಲನ್ನೇ ನೋಡುತ್ತ ಕೂತಿದ್ದೆ. ಬೆಳಗಾವಿಯ ಟ್ರಾಫಿಕ್ಕಿನಲ್ಲಿ ಆ ಕಾಲು ಒತ್ತುವುದು, ಬಿಡುವುದು, ಒತ್ತುವುದು ಮಾಡುತ್ತಿತ್ತು. ಈಗ ಖಾಲಿ ರಸ್ತೆಯಲ್ಲಿ ಎಕ್ಸಲೇಟರ್ ಮೇಲೆ ಸುಮ್ನೆ ಕೂತಿತ್ತು. ಹಂಪ್ ದೂರದಲ್ಲಿ ಕಂಡ ಕೂಡಲೇ ಕಾಲು ತೆಗೆದು, ಮೆಲ್ಲಗೆ ಬ್ರೇಕ್ ಹಿಡಿದು, ಹಂಪ್ ಏರುವ ಮುಂಚೆಯೇ ಬ್ರೇಕ್ ಬಿಡುತ್ತಿದ್ದರು. ಇಳಿಜಾರು ಬಂದರೆ ಮೊದಲೇ ಗೇರ್ ಇಳಿಸಿ ಎಂಜಿನ್ನಿನ ಮೇಲೆ ಭಾರ ಬಿಡುತ್ತಿದ್ದರು. ಟ್ರೇಲರ್ ಒಂದೋ ಜಗ್ಗಿಸಿಕೊಳ್ಳುತ್ತ ಇರಬೇಕು, ಇಲ್ಲಾ ಒರಗಿಕೊಂಡು ಇರಬೇಕು. ಎರಡರ ನಡುವೆ ಹೊಯ್ದಾಡಿದಾಗಲೇ ಗುದ್ದು. ಮೇಸ್ತ್ರಿ ಮಾಡಿದ ಕೆಲಸದಷ್ಟೇ ಈ ಕಾಲೂ ಮಾಡುತ್ತಿತ್ತು ಅಂತ ನನಗನಿಸಿತು. ಕಾಕಾಗೆ ಹೇಳಲಿಲ್ಲ. ಹೇಳಿದ್ದರೆ ಬೆಳಗಾವಿಯಲ್ಲಿ ಹಾಗೆ ಓಡಿಸಿದ್ದು ಯಾಕೆ ಅಂತ ನಾನೇ ಕೇಳಬೇಕಾಗುತ್ತಿತ್ತು.

ಮುಧೋಳ ಹತ್ತಿರ ಬಂತು. ಘಟಪ್ರಭಾ ಸೇತುವೆ ಹತ್ತುವ ಮುಂಚೆ ಡಬ್ಬಿಯನ್ನು ಮತ್ತೆ ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ಕಾಕಾ ನೋಡಿ ನಕ್ಕರು, ಕಾಲು ಅಲ್ಲಾಡಿಸಲಿಲ್ಲ. ಸೇತುವೆಯ ಜಾಯಿಂಟುಗಳ ಮೇಲೆ ಗಾಲಿಗಳು ಒಂದೊಂದಾಗಿ ದಾಟಿದವು. ಧಪ್, ಧಪ್. ಬೆಳಗಾವಿಯಲ್ಲಿ ಗೇಣುದ್ದ ಜಾರಿದ್ದ ಡಬ್ಬಿ ಈಗ ಎರಡು ಬೆರಳಿನಷ್ಟು ಸರಿದು ನಿಂತಿತು.

ಬೈಪಾಸ್ ಹತ್ತಿರ ಇಳಿಸಿದರು. "ನಾಳೆ ಹೊಲಕ್ಕ ಬರ್ತೇನಿ, ಚರಗ ಚೆಲ್ಲೂದ್ರಾಗ ಫ್ಯಾಕ್ಟರಿಯವರು ಬಿಟ್ರ," ಎಂದು ಹೊರಟರು. ಟ್ರೇಲರಿನ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಆಟೋ ಹಿಡಿದೆ.

ಮನೆಯಲ್ಲಿ ಅವ್ವ ಸಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಕೈ ಒರೆಸಿಕೊಂಡು ಡಬ್ಬಿ ಬಿಚ್ಚಿದಳು. ಕುಂದಾ ಪೂರ್ತಿ ಒಂದು ಮೂಲೆಗೆ ಸೇರಿ ಗಟ್ಟಿಯಾಗಿ ಕೂತಿತ್ತು, ಉಳಿದ ಅರ್ಧ ಡಬ್ಬಿ ಖಾಲಿ.

"ಅರ್ಧಾ ದಾರ್‍ಯಾಗ ತಿಂದ್ಯೋ, ಏನು ಅಂಗಡಿಯಂವ ಕೊಟ್ಟಿದ್ದ ಇಷ್ಟೋ?" ಎಂದಳು.