ಎಣ್ಣೆ ಹಚ್ಚುವ ಮೊದಲು

ಹೋದ ತಿಂಗಳು ಕೋಲಾರದಲ್ಲಿ ಅಮ್ಮನನ್ನು ಮಸಾಜಿಗೆ ಕರೆದುಕೊಂಡು ಹೋಗಿದ್ದೆ. ಟೊಮೆಟೊ ಬಿಡಿಸಿ ಬಿಡಿಸಿ ಸೊಂಟ ಹಿಡಿದಿತ್ತು, ಕಾಲೂ ನೋವು. ಎಣ್ಣೆ ಬಿಸಿಗಿಡುವ ಮೊದಲೇ ಅಲ್ಲಿನ ಅಕ್ಕ ಕೇಳಿದರು, "ಬಿಪಿ, ಶುಗರ್ ಇದೆಯಾ ಅಮ್ಮಾ? ರಕ್ತ ತೆಳುವಾಗೋ ಮಾತ್ರೆ ತಗೋತೀರಾ?" ಆಮೇಲೆ ಎರಡೂ ಮೀನಖಂಡ ಮುಟ್ಟಿ ನೋಡಿದರು. ಎಡಗಾಲು ಮಾತ್ರ ಊದಿತ್ತು, ಕೆಂಪಗೆ, ಬಿಸಿ ಬಿಸಿ.

"ಇದನ್ನ ತಿಕ್ಕಬಾರದು. ಇವತ್ತೇ ಡಾಕ್ಟರಿಗೆ ತೋರಿಸಿ" ಅಂದರು.

ಸ್ಕ್ಯಾನ್ ಮಾಡಿಸಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತಿಕ್ಕಿದ್ದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದಿತ್ತು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಮಸಾಜಿಗೆ ಹೋಗುವಾಗ ಮಾತ್ರೆ ಚೀಟಿ ಜೊತೆಗಿಟ್ಟುಕೊಂಡೇ ಹೋಗಿ. ಜ್ವರ ಇದ್ದರೆ ಬೇಡ. ಮುದ್ದೆ ಊಟ ಆಗಿದ್ದರೆ ಒಂದೆರಡು ಗಂಟೆ ಬಿಡಿ. ತಿಕ್ಕುವಾಗ ಕೈಯ ಒತ್ತಡ ಜಾಸ್ತಿ ಆದರೆ ಸುಮ್ನೆ ಹಲ್ಲು ಕಚ್ಚಿಕೊಂಡು ಮಲಗಬೇಡಿ, ಬಾಯಿ ಬಿಟ್ಟು ಹೇಳಿ.