ಮರೋನೈಟ್ ಮಠಗಳ ಹಸ್ತಪ್ರತಿ: ಪುಷ್ಪಿಕೆಗಳ ಪಟ್ಟಿ ಎಲ್ಲಿಗೆ ಬಂತು

ಲೆಬನಾನಿನ ಮರೋನೈಟ್ ಕ್ರೈಸ್ತರ ಮಠಗಳ ಹಸ್ತಪ್ರತಿಗಳಲ್ಲಿ ಕೊನೆಯ ಪುಟಗಳನ್ನಷ್ಟೇ, ಅಂದರೆ ಪ್ರತಿ ಮಾಡಿದವರು ತಮ್ಮ ಬಗ್ಗೆ ಬರೆದಿಟ್ಟ ಪುಷ್ಪಿಕೆಗಳನ್ನು, ಓದಿ ಪಟ್ಟಿ ಮಾಡುತ್ತಿದ್ದೇನೆ. ಯಾರು ಬರೆದರು, ಎಲ್ಲಿ, ಯಾವ ವರ್ಷ. ಇಸವಿಗಳ ಕಾಲಂ ಈಗ ಒಂದು ಹದಕ್ಕೆ ಬಂದಿದೆ.

ಚಿತ್ರಗಳು ಸಿಗುವುದು ಅಮೆರಿಕದ ಮಿನೆಸೋಟದ ಹಿಲ್ ಮ್ಯೂಸಿಯಂ ಆ್ಯಂಡ್ ಮ್ಯಾನುಸ್ಕ್ರಿಪ್ಟ್ ಲೈಬ್ರರಿಯ ಆನ್‌ಲೈನ್ ವಾಚನಾಲಯದಲ್ಲಿ. ಬೆನೆಡಿಕ್ಟೈನ್ ಸನ್ಯಾಸಿಗಳು 1965ರಲ್ಲಿ ಕಟ್ಟಿದ ಸಂಸ್ಥೆ. ಲೆಬನಾನಿನಲ್ಲಿ ಡಿಜಿಟಲ್ ಫೋಟೊ ತೆಗೆಯಲು ಶುರು ಮಾಡಿದ್ದು 2003ರಲ್ಲಿ. ಖಾತೆ ತೆರೆದರೆ ಸಾಕು, ದುಡ್ಡು ಕೊಡಬೇಕಿಲ್ಲ. ಫೋಟೊ ತೆಗೆಯುವವರು ಅಲ್ಲಿಯವರೇ, ಪುಸ್ತಕ ಅದರ ಒಡೆಯರ ಹತ್ತಿರವೇ ಉಳಿಯುತ್ತದೆ. ನನಗೆ ಇದು ತುಂಬಾ ಮುಖ್ಯ. ಹಿಂದೆ ಎಷ್ಟೋ ಪ್ರತಿಗಳು ರೋಮ್, ಫ್ಲಾರೆನ್ಸ್ ಸೇರಿಬಿಟ್ಟವು, ವಾಪಸ್ ಬರಲೇ ಇಲ್ಲ.

ಜಾಸ್ತಿ ಹೊತ್ತು ಹಿಡಿಯುವುದು ಗರ್ಶೂನಿ. ಅಂದರೆ ಭಾಷೆ ಅರಬ್ಬಿ, ಲಿಪಿ ಮಾತ್ರ ಮರೋನೈಟ್ ಚರ್ಚಿನ ಹಳೆಯ ಪ್ರಾರ್ಥನಾ ಭಾಷೆಯಾದ ಸಿರಿಯಾಕ್‌ನದು. ಮಂಗಳೂರಿನ ಕ್ರೈಸ್ತರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರಲ್ಲ, ಹಾಗೆ. ಆದರೆ ಸಿರಿಯಾಕ್‌ಗೆ 22 ಅಕ್ಷರ, ಅರಬ್ಬಿಗೆ 28. ಕಡಿಮೆ ಬೀಳುವ ಅಕ್ಷರಗಳನ್ನು ಚುಕ್ಕಿ ಇಟ್ಟು ತೋರಿಸುತ್ತಾರೆ. ಸಿರಿಯಾಕ್‌ನ 'ಕೋಫ್' ಅಕ್ಷರಕ್ಕೆ ಎಲ್ಲಿ ಚುಕ್ಕಿ ಬಿತ್ತು ಅನ್ನುವುದರ ಮೇಲೆ ಅದು ಅರಬ್ಬಿಯ 'ಕಾಫ್' ಆಗಬಹುದು, 'ಖಾ' ಆಗಬಹುದು. ಬರೆಯುವವರು ಅವಸರದಲ್ಲಿದ್ದರೆ ಚುಕ್ಕಿಯೇ ಇರುವುದಿಲ್ಲ. ಆಗ ಚಿತ್ರವನ್ನು ಪೂರ್ತಿ ಹಿಗ್ಗಿಸಿ, ಅದೇ ಕೈಬರಹದ ಬೇರೆ ಪುಟ ಪಕ್ಕದಲ್ಲಿಟ್ಟು ನೋಡುತ್ತೇನೆ. ಬಣ್ಣದ ಚಿತ್ರ ಇರುವುದರಿಂದ ಕೆಂಪು ಶಾಯಿ ಯಾವುದು, ಕಲೆ ಯಾವುದು ಅಂತ ತಿಳಿಯುತ್ತದೆ.

ಇಸವಿಯದು ಇನ್ನೊಂದು ಲೆಕ್ಕ. ಹಳೆಯ ಪ್ರತಿಗಳಲ್ಲಿ ಇರುವುದು ಗ್ರೀಕರ ವರ್ಷ, ಅಂದರೆ ಸೆಲ್ಯೂಸಿಡ್ ಶಕೆ. ಅದು ಅಕ್ಟೋಬರಿನಲ್ಲಿ ಶುರುವಾಗುತ್ತದೆ. ಹಾಗಾಗಿ ನಮ್ಮ ಇಸವಿ ಸಿಗಬೇಕಾದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 312 ಕಳೆಯಬೇಕು, ಉಳಿದ ತಿಂಗಳಿಗೆ 311. ನನ್ನ ಸೂತ್ರ ಸರಿ ಇದೆಯಾ ಅಂತ ರಬ್ಬುಲ ಸುವಾರ್ತೆಗಳು ಅನ್ನುವ ಹಳೆಯ ಸಿರಿಯಾಕ್ ಹಸ್ತಪ್ರತಿಯ ಮೇಲೆ ಪರೀಕ್ಷಿಸಿದೆ. ಒಂದು ಕಾಲಕ್ಕೆ ಮರೋನೈಟ್ ಪಿತೃಪ್ರಧಾನರ, ಅಂದರೆ ಆ ಚರ್ಚಿನ ಮುಖ್ಯಸ್ಥರ, ಬಳಿ ಇದ್ದ ಪ್ರತಿ ಅದು, ಅವರ ಟಿಪ್ಪಣಿಗಳು ಅಂಚುಗಳಲ್ಲಿ ಇವೆ. ಈಗ ಫ್ಲಾರೆನ್ಸಿನಲ್ಲಿದೆ. ಪುಷ್ಪಿಕೆಯ ವರ್ಷ 897, ತಿಂಗಳು ಫೆಬ್ರವರಿ. 311 ಕಳೆದರೆ 586. ಸರಿಯಾಗಿ ಬಂತು!

ತಿಂಗಳು ಹೇಳದೆ ಬಿಟ್ಟಿದ್ದರೆ ಎರಡೂ ವರ್ಷ ಬರೆದಿಡುತ್ತೇನೆ. ಮೂಲದಲ್ಲಿ ಇದ್ದ ಸಂಖ್ಯೆಯಂತೂ ಬೇರೆ ಕಾಲಂನಲ್ಲಿ ಇರಲೇಬೇಕು. ಲೆಕ್ಕ ಹಾಕಿದ ಇಸವಿಯನ್ನು ಮಾತ್ರ ಇಟ್ಟುಕೊಂಡ ಪಟ್ಟಿಯನ್ನು ಮುಂದೆ ಯಾರೂ ಪರೀಕ್ಷಿಸಲು ಆಗುವುದಿಲ್ಲ.

ಪುಷ್ಪಿಕೆಗಳ ಧಾಟಿ ಹೆಚ್ಚುಕಮ್ಮಿ ಒಂದೇ. ಪಾಪಿಯಾದ ನಾನು ಬರೆದೆ, ಓದುವವರು ನನಗಾಗಿ ಪ್ರಾರ್ಥಿಸಿ. ಎಷ್ಟು ಸಲ ಓದಿದರೂ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇಂಥ ಮಾತನ್ನು ಸುಮ್ನೆ ದಾಟಿಕೊಂಡು ಹೋಗೋಕಾಗಲ್ಲ, ಅಲ್ವಾ?

ಇನ್ನು ಊರು, ಮಠಗಳ ಕಾಲಂ. ಕದೀಶಾ ಕಣಿವೆಯ ಕೊಝಾಯಾ ಮಠದಿಂದ ಶುರು ಮಾಡುತ್ತೇನೆ. ಅಲ್ಲಿ 1610ರಲ್ಲೇ ಸಿರಿಯಾಕ್ ಮತ್ತು ಗರ್ಶೂನಿ ಅಕ್ಕಪಕ್ಕ ಇರುವ ಕೀರ್ತನೆಗಳ ಪುಸ್ತಕ ಅಚ್ಚಾಗಿತ್ತು. ಆದರೂ 18, 19ನೇ ಶತಮಾನದಲ್ಲೂ ಮಠಗಳಲ್ಲಿ ಕೈಯಲ್ಲೇ ಪ್ರತಿ ಮಾಡುತ್ತಿದ್ದರು. ಯಾವ ಯಾವ ಪುಸ್ತಕಗಳನ್ನು ಹಾಗೆ ಕೈಯಲ್ಲೇ ಬರೆದರು ಅನ್ನುವುದು ಈ ಕಾಲಂ ತುಂಬಿದ ಮೇಲೆ ಗೊತ್ತಾಗಬೇಕು.